ಸ್ಥಾನವೂ ಕೆಲಸವೂ

ಹೆಣ್ಣುಮಗಳಿಗೆ ಒಂದು ಸ್ಥಾನವನ್ನು ಕೊಡುವುದು ಬೇರೆ; ಆ ಸ್ಥಾನದ ಕೆಲಸವನ್ನು ಆಕೆಗೆ ಒಪ್ಪಿಸುವುದು ಬೇರೆ. ಈ ಭೇದವನ್ನು ಮನಗಾಣಿಸುವುದಕ್ಕೆ ಅಮೇರಿಕಾ ದೇಶದ ಬೇಸ್‌ಬಾಲ್ ಆಟಗಾರ್ತಿಯಾದ ಟೋನಿ ಸ್ಟೋನಳ ಜೀವನಕ್ಕಿಂತ ತಕ್ಕ ನಿದರ್ಶನವು ನನಗೆ ತೋರದು. ನಮ್ಮ ಪೂರ್ವ ವಿದ್ಯಾರ್ಥಿನಿಯರೂ ಪೋಷಕರೂ ಇದನ್ನು ಸಾವಧಾನವಾಗಿ ಆಲೋಚಿಸಬೇಕೆಂದು ಕೋರುತ್ತೇನೆ.

ಈಕೆ 1921ರಲ್ಲಿ ಕಪ್ಪು ವರ್ಣದವರ ಕುಟುಂಬದಲ್ಲಿ ಹುಟ್ಟಿ, ಮಿನ್ನೆಸೋಟಾ ಸಂಸ್ಥಾನದ ಸೇಂಟ್ ಪಾಲ್ ನಗರದಲ್ಲಿ ಬೆಳೆದಳು. ಮಗಳು ಹುಡುಗರೊಡನೆ ಚೆಂಡಾಡುವುದು ತಂದೆತಾಯಿಗಳಿಗೆ ಸಮ್ಮತವಾಗಿರಲಿಲ್ಲ. ಬುದ್ಧಿ ಹೇಳಲೆಂದು ಅವರು ಕೇಳಿಕೊಂಡ ಪಾದ್ರಿಯೇ ಆಕೆಯನ್ನು ಹುಡುಗರ ತಂಡಕ್ಕೆ ಸೇರಿಸಿದರು. 1943ರಲ್ಲಿ ಸ್ತ್ರೀಯರದೇ ವೃತ್ತಿ ಲೀಗೊಂದು ಆರಂಭವಾಯಿತಾದರೂ ಕಪ್ಪು ವರ್ಣದವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆದುದರಿಂದ ಆಕೆ ಗಂಡಸರ ತಂಡಗಳನ್ನೇ ಆಶ್ರಯಿಸಿ, 1949ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸೀ ಲಯನ್ಸ್ ತಂಡದಲ್ಲಿಯೂ ಬಳಿಕ ನ್ಯೂ ಆರ್ಲಿಯನ್ಸ್ ಕ್ರಿಯೋಲ್ಸ್ ತಂಡದಲ್ಲಿಯೂ ಆಡಿದಳು. 1953ರಲ್ಲಿ ನೀಗ್ರೋ ಅಮೇರಿಕನ್ ಲೀಗಿನ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡವು ಆಕೆಯನ್ನು ಎರಡನೆಯ ಬೇಸಿಗೆ ನೇಮಿಸಿತು.

ಈ ಕರೆಯ ಹಿಂದಿದ್ದ ಕಾರಣವನ್ನು ಮರೆಮಾಡುವುದು ಸಲ್ಲದು. 1947ರಲ್ಲಿ ಜ್ಯಾಕಿ ರಾಬಿನ್‌ಸನ್ನನು ಮೇಜರ್ ಲೀಗನ್ನು ಪ್ರವೇಶಿಸಿದ ಮೇಲೆ ಕಪ್ಪು ವರ್ಣದ ಉತ್ತಮ ಆಟಗಾರರು ಅತ್ತ ನಡೆದರು. ಅವರ ಸ್ವಂತ ಲೀಗುಗಳಿಗೆ ಪ್ರೇಕ್ಷಕರು ವಿರಳವಾದರು. ಹೆಂಗಸು ಆಡುವಳೆಂದರೆ ಜನ ಕೂಡುವರೆಂಬುದೇ ಮಾಲಿಕನ ಎಣಿಕೆ. ಲಂಗ ತೊಟ್ಟು ಆಡೆಂಬ ಸೂಚನೆಯನ್ನು ಆಕೆ ಒಪ್ಪಲಿಲ್ಲ.

ಎರಡನೆಯ ಬೇಸಿನ ಕೆಲಸವಾದರೋ ಪ್ರದರ್ಶನಕ್ಕೆ ಒಗ್ಗತಕ್ಕದ್ದಲ್ಲ. ನೆಲದ ಮೇಲೆ ರಭಸದಿಂದ ಬರುವ ಚೆಂಡನ್ನು ತಡೆಯಬೇಕು. ಜೊತೆಯವನು ಎಸೆದುದನ್ನು ಹಿಡಿದು, ಬೇಸನ್ನು ಮೆಟ್ಟಿ, ಆ ಕ್ಷಣವೇ ತಿರುಗಿ ಒಂದನೆಯ ಬೇಸಿಗೆ ಎಸೆಯಬೇಕು. ಅಷ್ಟರಲ್ಲಿ ಓಟಗಾರನು ಮೊಳೆಯ ಬೂಟುಗಳನ್ನು ಮುಂದೆ ಚಾಚಿ ಕಾಲಿನತ್ತ ಜಾರಿ ಬರುವನು. ಆ ಗಾಯದ ಗುರುತುಗಳನ್ನು ಆಕೆ ಹೊತ್ತಳು. ಆದರೂ ಅನೇಕ ಪಂದ್ಯಗಳಲ್ಲಿ ಮೊದಲಿನ ಕೆಲವು ಸರದಿಗಳಾದೊಡನೆ ಆಕೆಯನ್ನು ಹೊರಗೆ ಕರೆಯುತ್ತಿದ್ದರು. 1954ರಲ್ಲಿ ಕ್ಯಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡಕ್ಕೆ ಹೋದ ಮೇಲಂತೂ ಬಹುಪಾಲು ಬೆಂಚಿನ ಮೇಲೆಯೇ ಕಾಲ ಕಳೆಯಿತು. ಆ ವರ್ಷವೇ ಆಕೆ ವೃತ್ತಿಯನ್ನು ಬಿಟ್ಟಳು; 1996ರಲ್ಲಿ ತೀರಿಕೊಂಡಳು. 2020ರಲ್ಲಿ ಮೇಜರ್ ಲೀಗಿನವರು ಕಪ್ಪು ವರ್ಣದವರ ಲೀಗುಗಳಿಗೆ ಸಮಾನ ಪದವಿಯನ್ನು ಕೊಟ್ಟರು. ಆದರೆ 1920ರಿಂದ 1948ರವರೆಗಿನ ಆಟಕ್ಕೆ ಮಾತ್ರ. ಆಕೆಯ 1953ನೆಯ ವರ್ಷವು ಆ ಲೆಕ್ಕದಿಂದ ಹೊರಗುಳಿಯಿತು.

ಇಂಥ ಕರೆಯನ್ನು ತಿರಸ್ಕರಿಸಬೇಕಾಗಿತ್ತೆಂದು ಕೆಲವರು ಹೇಳಬಹುದು. ನನ್ನ ಅಭಿಪ್ರಾಯವು ಹಾಗಲ್ಲ. ಕರೆದವನ ಉದ್ದೇಶವು ಹೇಗೆಯೇ ಇರಲಿ, ಬೇಸಿನ ಮೇಲೆ ನಿಂತವಳ ಶ್ರಮವು ನಿಜವಾದುದು. ತಿರಸ್ಕರಿಸಿದ್ದರೆ ಆ ಬಯಲೇ ಆಕೆಗೆ ದೊರೆಯುತ್ತಿರಲಿಲ್ಲ. ಬಳಿಕ ಅದೇ ತಂಡವು ಕಾನಿ ಮಾರ್ಗನ್, ಮೇಮಿ ಜಾನ್‌ಸನ್ ಎಂಬ ಇಬ್ಬರು ತರುಣಿಯರನ್ನು ಸೇರಿಸಿಕೊಂಡುದೂ ಸಂಶಯವೇ. ತಪ್ಪಿರುವುದು ಹೋದವಳಲ್ಲಲ್ಲ, ಕರೆದು ಬೆಂಚಿನ ಮೇಲೆ ಕುಳ್ಳಿರಿಸಿದವರಲ್ಲಿ.

ಪೋಷಕರೇ, ನಿಮ್ಮ ಮಗಳನ್ನು ಆಟಕ್ಕಾಗಲಿ ಉದ್ಯೋಗಕ್ಕಾಗಲಿ ಯಾರಾದರೂ ಕರೆದರೆ ಸಂತೋಷದಿಂದ ಕಳುಹಿಸಿರಿ. ಆದರೆ ಪತ್ರಿಕೆಯಲ್ಲಿ ಅಚ್ಚಾದ ಭಾವಚಿತ್ರವನ್ನು ನೋಡಿ ತೃಪ್ತರಾಗಬೇಡಿರಿ. ಆಕೆಗೆ ಯಾವ ಕೆಲಸವನ್ನು ಒಪ್ಪಿಸಿದ್ದಾರೆ, ಅದನ್ನು ಕೊನೆಯವರೆಗೆ ಮಾಡಲು ಬಿಡುತ್ತಾರೆಯೇ ಎಂಬುದನ್ನು ತಪ್ಪದೆ ಕೇಳಿರಿ.