ಗಂಡಸರ ಶೌಚಾಲಯಕ್ಕೂ ಕಸದ ಡಬ್ಬಿ ಬೇಕು

ಪ್ರಾಸ್ಟೇಟ್ ಆಪರೇಷನ್ ಆಗಿ ಪೈಪ್ ತೆಗೆದ ಮೇಲೆ ಹಲವರಿಗೆ ಕೆಮ್ಮಿದರೆ, ಎದ್ದು ನಿಂತರೆ ಉಚ್ಚೆ ಸೋರುತ್ತದೆ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ಹತೋಟಿಗೆ ಬರುತ್ತದೆ. ಅಷ್ಟರೊಳಗೆ ನಮ್ಮ ಹಿರಿಯರು ನಾಚಿಕೆಗೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ಹಾಗೆ ಮಾಡಿದರೆ ಉರಿಯೇ ಜಾಸ್ತಿ. ಕಡಿಮೆ ಮಾಡಬೇಕಾದ್ದು ಟೀ, ಕಾಫಿ. ಉಚ್ಚೆ ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು 5 ಎಣಿಸುವಷ್ಟು ಹೊತ್ತು ಬಿಗಿಹಿಡಿದು ಬಿಡಿ. 10 ಸಲ, ದಿನಕ್ಕೆ 3 ಹೊತ್ತು. ಉಚ್ಚೆ ಕಟ್ಟಿದರೆ, ಜ್ವರ ಬಂದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ಪ್ಯಾಡ್ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಆದರೆ ಐಮಂಗಲದಿಂದ ಹಿರಿಯೂರಿಗೋ ಚಿತ್ರದುರ್ಗಕ್ಕೋ ಬಸ್ ಹತ್ತಿದವರು ಒದ್ದೆಯಾದ ಪ್ಯಾಡ್ ಎಲ್ಲಿ ಹಾಕಬೇಕು? ಬ್ರಿಟನ್ನಿನಲ್ಲಿ ಗಂಡಸರ ಶೌಚಾಲಯಕ್ಕೆ ಡಬ್ಬಿ ಇಡಿ ಎಂದು ಅಭಿಯಾನವೇ ನಡೆದಿದೆ. ನಮ್ಮಲ್ಲಿ ಮುಚ್ಚಳದ ಡಬ್ಬಿಗೆ ದೊಡ್ಡ ದುಡ್ಡೇನೂ ಬೇಡ, ಗ್ರಾಮಸಭೆಯಲ್ಲಿ ಯಾರಾದರೂ ಬಾಯಿಬಿಟ್ಟು ಕೇಳಬೇಕು ಅಷ್ಟೇ.