ಹಸುವಿನ ಮಾತಿಗೆ ದುಭಾಷಿ ಬೇಕೆ?

ಪ್ರಾಣಿಗಳ ಜೊತೆ ಮನಸ್ಸಿನಿಂದಲೇ ಮಾತಾಡುತ್ತೇವೆ ಎನ್ನುವವರು ಈಗ ಬೆಂಗಳೂರಿನಲ್ಲಿ ಇದ್ದಾರೆ. ನಾಯಿ, ಬೆಕ್ಕು, ಹಸು, ಯಾವುದಾದರೂ ಸರಿ, ಒಂದು ಫೋಟೋ ಕಳಿಸಿದರೆ ಸಾಕಂತೆ. ಕಣ್ಣು ಮುಚ್ಚಿ ಕೂತು ಅದರ ಮನಸ್ಸಿನೊಳಕ್ಕೆ ಹೋಗಿ ಬರುತ್ತಾರೆ. ಅದಕ್ಕೆ ಏನು ದುಃಖ, ಹೋದ ಜನ್ಮದಲ್ಲಿ ನಿಮಗೂ ಅದಕ್ಕೂ ಏನು ನಂಟು, ಎಲ್ಲಾ ಹೇಳುತ್ತಾರೆ. ಇದನ್ನು ಕಲಿಸುವ ತರಗತಿಗಳೂ ಇವೆ. ಶುಲ್ಕ ಉಂಟು. ನಾಯಿ ಸಾಕುವ ಅನುಕೂಲಸ್ಥರ ಖಯಾಲಿ ಅಂತ ನಕ್ಕು ಸುಮ್ಮನಿರಬಹುದಿತ್ತು. ಆದರೆ ಇದು ಎರಡು ಹಸು ಕಟ್ಟಿಕೊಂಡು ಜೀವನ ಮಾಡುವವರ ಕೊಟ್ಟಿಗೆಗೂ ಬಂದದ್ದನ್ನು ನೋಡಿದೆ. ಅದಕ್ಕೇ ಬರೀತಿದ್ದೇನೆ.

ನಾನು ಹೊಸಕೋಟೆ ಕಡೆಯವನು. ಎರಡೂವರೆ ಎಕರೆ ರಾಗಿ-ಅವರೆ, ಮೂರು ರಾಸು. ಅಕ್ಕನ ಮನೆ ಮರ್ಫಿ ಟೌನಿನಲ್ಲಿ. ಹಲಸೂರಿನ ಮಗ್ಗುಲಲ್ಲಿರುವ ದಂಡು ಪ್ರದೇಶದ ಹಳೇ ವಸತಿ ಅದು. ಅತ್ತ ಇಂದಿರಾನಗರ, ಕೇಂಬ್ರಿಡ್ಜ್ ಲೇಔಟಿನ ದೊಡ್ಡ ಮನೆಗಳು. ಇತ್ತ ಒತ್ತೊತ್ತಾಗಿ ಸಣ್ಣ ಮನೆಗಳು, ಗುಡಿ, ಚರ್ಚು, ಮಾಂಸದ ಅಂಗಡಿ. ಇಂಥಲ್ಲೂ ಮನೆ ಹಿಂದೆ ತಗಡಿನ ಮಾಡು ಇಳಿಸಿ ಒಂದೆರಡು ಹಸು ಸಾಕುವವರು ಇದ್ದಾರೆ. ನಮ್ಮಕ್ಕನೂ ಒಬ್ಬಳು. ಮೇವೆಲ್ಲ ಕೊಂಡು ತರಬೇಕು, ಕರೆದ ಹಾಲು ಅದೇ ಬೀದಿಯಲ್ಲಿ ಖರ್ಚು. ಅವಳ ಹಸುವಿಗೆ ಕನ್ನಡ ಬರೋದಿಲ್ಲ! ಮೊದಲು ಸಾಕಿದವರು ತಮಿಳಿನವರು. ‘ವಾ ವಾ’ ಅಂದರೆ ತಿರುಗುತ್ತೆ, ನಾನು ‘ಬಾ ಬಾ’ ಅಂದರೆ ಕಿವಿಯನ್ನೂ ಆಡಿಸೋಲ್ಲ.

ಅಕ್ಕನ ಹಿಂದಿನ ಬೀದಿಯಲ್ಲಿ ಒಬ್ಬ ವಿಧವೆ ಹೆಂಗಸು ಎರಡು ಎಚ್.ಎಫ್. ಮಿಶ್ರತಳಿ ಹಸು ಸಾಕಿಕೊಂಡಿದ್ದಾರೆ. ಅದರಲ್ಲೊಂದು ಹಸು ಮೇವು ಬಿಟ್ಟಿತು. ಎಂಟು ದಿನದ ಹಿಂದೆಯಷ್ಟೇ ಅದರ ಗಂಡುಕರುವನ್ನು ಸಾಗಿಸಿದ್ದರು. ಹಾಲು ಕೊಳ್ಳುತ್ತಿದ್ದ ಮನೆಯವರು ಒಳ್ಳೆಯವರು. ತಾವೇ ದುಡ್ಡು ಕೊಟ್ಟು ಇಂಥ ‘ಮಾತಾಡುವವ’ರೊಬ್ಬರಿಗೆ ಹಸುವಿನ ಫೋಟೋ ಕಳಿಸಿದರು. ಅಲ್ಲಿಂದ ಬಂದ ಉತ್ತರ: ‘ಅದು ಕರುವಿಗಾಗಿ ಕೊರಗುತ್ತಿದೆ. ದಿನಾ ಸಂಜೆ ಅದರ ಪಕ್ಕ ಕೂತು ಕ್ಷಮೆ ಕೇಳಿ, ಶಾಂತವಾಗಿ ಮಾತಾಡಿಸಿ.’ ಆ ಹೆಂಗಸು ಮೂರು ಸಂಜೆ ದೀಪ ಹಚ್ಚಿ, ಹಸುವಿನ ಪಕ್ಕ ಕೂತು ಅತ್ತರು. ನಾಲ್ಕನೇ ದಿನ ಹಸು ಏಳಲಿಲ್ಲ. ಪಶುವೈದ್ಯರು ಬಂದು ಎಡಹೊಟ್ಟೆಯ ಮೇಲಿನ ಗುಂಡಿಗೆ ಮುಷ್ಟಿ ಒತ್ತಿ ಹಿಡಿದರು. ಕಲಸಿಟ್ಟ ಹಿಟ್ಟು ಮುಟ್ಟಿದ ಹಾಗಿತ್ತಂತೆ, ಅಲುಗಾಟವೇ ಇಲ್ಲ. ಹೊಟ್ಟೆ ಕುಯ್ದು ತೆಗೆದದ್ದು ಒಂದು ಬುಟ್ಟಿ ಪ್ಲಾಸ್ಟಿಕ್ಕು. ಹಾಲಿನ ಕವರು, ಹೂವಿನ ಹಾರದ ದಾರ, ಗಂಟು ಹಾಕಿದ ಕಸದ ಚೀಲ ಹಾಗೇ ಇತ್ತು. ಹಸು ಬದುಕಿತು. ಹಾಲು ಮೊದಲಿನ ಅರ್ಧಕ್ಕೂ ಬರಲಿಲ್ಲ. ಆ ಮನೆಯ ಬಾಡಿಗೆ ಹೋಗುತ್ತಿದ್ದದ್ದು ಆ ಹಾಲಿನಿಂದ.

ಹಾಗಂತ ಕರು ಅಗಲಿದ ಹಸುವಿಗೆ ದುಃಖ ಇಲ್ಲ ಅಂತ ನಾನು ಹೇಳೋದಿಲ್ಲ. ಕರು ಬಿಡಿಸಿದ ರಾತ್ರಿ ಕೊಟ್ಟಿಗೆ ಪಕ್ಕ ಮಲಗಿದವರು ಯಾರೂ ಹಾಗೆ ಹೇಳಲಾರರು. ಇಂಗ್ಲೆಂಡಿನ ಸಂಶೋಧಕರು ಹಸು-ಕರುಗಳ ಕೂಗನ್ನು ತಿಂಗಳುಗಟ್ಟಲೆ ಧ್ವನಿಮುದ್ರಣ ಮಾಡಿ 2015ರಲ್ಲಿ ವರದಿ ಪ್ರಕಟಿಸಿದರು. ಕರು ಹತ್ತಿರವಿದ್ದಾಗ ತಾಯಿ ಮೆಲ್ಲಗೆ, ತಗ್ಗಿದ ದನಿಯಲ್ಲಿ ಗುಂಯ್‌ಗುಡುತ್ತೆ. ಕಣ್ಣಿಗೆ ಕಾಣದಿದ್ದರೆ ಎತ್ತರದ ದನಿಯಲ್ಲಿ ಕೂಗುತ್ತೆ. ಒಂದೊಂದು ಹಸುವಿನ ದನಿಯೂ ಬೇರೆ ಬೇರೆ. ಇದು ನಮ್ಮ ಅಜ್ಜಿಗೆ ಗೊತ್ತಿತ್ತು ಅನ್ನಿ. ಒಳಮನೆಯಲ್ಲಿ ರಾಗಿ ಬೀಸುತ್ತಾ ‘ಕೆಂದಿ ಕೂಗ್ತಾವ್ಳೆ, ಕರ ಹಗ್ಗ ಕಿತ್ಕೊಂಡೈತೆ ನೋಡು’ ಅನ್ನೋಳು.

ನನ್ನ ತಕರಾರು ಇಷ್ಟೇ. ಆ ಹಸು ತನ್ನ ಕಷ್ಟವನ್ನು ಹೇಳುತ್ತಲೇ ಇತ್ತು. ಮೆಲುಕು ಹಾಕುವುದು ನಿಂತಿತ್ತು, ಸೆಗಣಿ ಕಡಿಮೆಯಾಗಿತ್ತು, ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು, ಹಲ್ಲು ಕಡಿಯುತ್ತಿತ್ತು. ಅಕ್ಕನೇ ಆಮೇಲೆ ಇದನ್ನೆಲ್ಲ ನನಗೆ ಹೇಳಿದ್ದು. ಇಷ್ಟು ಮಾತು ಎದುರಿಗಿರುವಾಗ ಕಣ್ಣು ಮುಚ್ಚಿದವರ ಬಾಯಿಂದ ಕೇಳಬೇಕಾಯಿತು, ಅದೂ ಫೋಟೋ ನೋಡಿ. ಫೋಟೋದಲ್ಲಿ ಮೆಲುಕು ಕಾಣುತ್ತದೆಯೇ?

ಈ ‘ಮಾತಾಡುವ’ ವಿದ್ಯೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಕೋಲೆ ಬಸವನನ್ನು ನೆನೆಸಿಕೊಳ್ಳಿ. ಸಂಕ್ರಾಂತಿ ಆಸುಪಾಸಿನಲ್ಲಿ ಮರ್ಫಿ ಟೌನಿನ ಬೀದಿಗೂ ಬರುತ್ತದೆ. ಮೈಮೇಲೆ ಬಣ್ಣದ ಬಟ್ಟೆ, ಕೊಂಬಿಗೆ ಗೊಂಡೆ. ‘ಈ ತಾಯಿಗೆ ಒಳ್ಳೇದಾಗುತ್ತಾ ಬಸವಾ?’ ಅಂದರೆ ಹೌದೆಂದು ತಲೆ ಆಡಿಸುತ್ತದೆ. ಅದಕ್ಕೆ ನಮ್ಮ ಭವಿಷ್ಯ ಗೊತ್ತಿಲ್ಲ ಎನ್ನುವುದು ಮಕ್ಕಳಿಗೂ ಗೊತ್ತು. ಆದರೆ ಯಜಮಾನನ ಕೈಯಲ್ಲಿ ಹಗ್ಗ ಎಷ್ಟು ಅಲುಗಿತು, ಅವನ ದನಿ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎನ್ನುವುದು ಬಸವನಿಗೆ ಗೊತ್ತು. ನಾವು ಮೆಚ್ಚಬೇಕಾದದ್ದು ಅದನ್ನು.

ಜರ್ಮನಿಯಲ್ಲಿ ಹಾನ್ಸ್ ಅಂತ ಒಂದು ಕುದುರೆ ಇತ್ತು. ಅದರ ಯಜಮಾನ ಫಾನ್ ಆಸ್ಟೆನ್ ಗಣಿತದ ಮೇಷ್ಟ್ರು. ಕೂಡಿಸು, ಕಳೆ ಅಂದರೆ ಗೊರಸು ಬಡಿದು ಸರಿಯಾದ ಉತ್ತರ ಕೊಡುತ್ತಿತ್ತು. ಬರ್ಲಿನ್ ಜನ ಮರುಳಾದರು. 1904ರಲ್ಲಿ ಪಂಡಿತರ ಸಮಿತಿಯೊಂದು ಪರೀಕ್ಷೆ ಮಾಡಿ, ಮೋಸವೇನೂ ಇಲ್ಲ ಅಂದಿತು. ಆಮೇಲೆ ಫುಂಗ್‌ಸ್ಟ್ ಎನ್ನುವವರು ಕೂಲಂಕಷವಾಗಿ ನೋಡಿದರು. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸಿಗೂ ಗೊತ್ತಾಗುತ್ತಿರಲಿಲ್ಲ. ಕೇಳುವವನು ಅದರ ಕಣ್ಣಿಗೆ ಬೀಳದಿದ್ದರೂ ತಪ್ಪುತ್ತಿತ್ತು. ಸರಿಯಾದ ಎಣಿಕೆ ಬಂದಾಗ ಮನುಷ್ಯರು ತಮಗೇ ಅರಿವಿಲ್ಲದೆ ತಲೆಯನ್ನು ಕೂದಲೆಳೆಯಷ್ಟು ಎತ್ತುತ್ತಿದ್ದರು. ಕುದುರೆ ಅದನ್ನು ಹಿಡಿದು ಬಡಿಯುವುದನ್ನು ನಿಲ್ಲಿಸುತ್ತಿತ್ತು. ಈ ವಿವರ 1907ರಲ್ಲಿ ಪುಸ್ತಕವಾಗಿ ಬಂತು. ಮೇಷ್ಟ್ರು ಮೋಸಗಾರನಾಗಿರಲಿಲ್ಲ, ಪಾಪ. ಕೊನೆಯವರೆಗೂ ನಂಬಿದ್ದ.

ನನಗೆ ಇದರಲ್ಲಿ ಕಾಣುವುದೇನು ಗೊತ್ತಾ? ನಾವು ಪ್ರಾಣಿಯನ್ನು ಓದುವುದಕ್ಕಿಂತ ಪ್ರಾಣಿ ನಮ್ಮನ್ನು ಚೆನ್ನಾಗಿ ಓದುತ್ತದೆ. ಮನೆಯಲ್ಲಿ ಜಗಳ ಮಾಡಿಕೊಂಡು ಹೋಗಿ ಕೆಚ್ಚಲಿಗೆ ಕೈಯಿಟ್ಟು ನೋಡಿ, ಹಾಲು ಇಳಿಸುವುದಿಲ್ಲ. ಹೆದರಿದ ಹಸುವಿನ ಮೈಯಲ್ಲಿ ಹಾಲು ಇಳಿಸುವ ರಸಕ್ಕೆ ತಡೆ ಬೀಳುತ್ತೆ, ಇದು ಶಾಸ್ತ್ರ ಒಪ್ಪಿದ ಮಾತು. ಇಂಜೆಕ್ಷನ್ ಕೊಡುವ ಡಾಕ್ಟರ ಬೈಕಿನ ಸದ್ದನ್ನು ನಮ್ಮ ಹಸು ಬೀದಿ ತುದಿಯಲ್ಲೇ ಗುರುತು ಹಿಡಿಯುತ್ತೆ. ಹೀಗೆ ದಿನವಿಡೀ ನಮ್ಮ ಮೇಲೆ ಕಣ್ಣಿಟ್ಟಿರುವ ಜೀವಕ್ಕೆ ಒಳಗೊಂದು ಬದುಕಿಲ್ಲ ಎನ್ನಲು ಸಾಧ್ಯವೇ? 2012ರ ಜುಲೈನಲ್ಲಿ ಕೇಂಬ್ರಿಡ್ಜಿನಲ್ಲಿ (ಲೇಔಟಲ್ಲ, ಇಂಗ್ಲೆಂಡಿನದು) ಮಿದುಳಿನ ವಿಜ್ಞಾನಿಗಳು ಸೇರಿ ಒಂದು ಘೋಷಣೆ ಹೊರಡಿಸಿದರು. ಪ್ರಜ್ಞೆ ಉಂಟುಮಾಡುವ ನರಮಂಡಲ ಮನುಷ್ಯನಿಗೆ ಮಾತ್ರ ಇರುವುದಲ್ಲ, ಎಲ್ಲಾ ಸಸ್ತನಿಗಳಿಗೂ ಹಕ್ಕಿಗಳಿಗೂ ಇದೆ ಅಂತ. ನಮ್ಮವರು ನಗುತ್ತಾರೆ, ಇದಕ್ಕೆ ಸಭೆ ಬೇಕಿತ್ತೇ ಎಂದು. ಬೇಕಿತ್ತು. ದನವನ್ನು ಹಾಲಿನ ಯಂತ್ರದ ಹಾಗೆ ನೋಡುವ ದೊಡ್ಡ ಡೇರಿಗಳ ಕಾಲದಲ್ಲಿ ಬೇಕಿತ್ತು.

ಇಂಗ್ಲೆಂಡಿನದೇ ಇನ್ನೊಂದು ಸಂಗತಿ. 2009ರಲ್ಲಿ ನ್ಯೂಕಾಸಲ್ ವಿಶ್ವವಿದ್ಯಾಲಯದವರು 516 ಹೈನುಗಾರರನ್ನು ವಿಚಾರಿಸಿ, ಹೆಸರಿಟ್ಟು ಕರೆಯುವ ಹಸುಗಳು ಒಂದು ಕರಾವಿನಲ್ಲಿ 258 ಲೀಟರ್ ಹೆಚ್ಚು ಹಾಲು ಕೊಡುತ್ತವೆ ಅಂತ ಪ್ರಕಟಿಸಿದರು. ಪತ್ರಿಕೆಗಳೆಲ್ಲ ಇದನ್ನು ಹಾಡಿ ಹೊಗಳಿದವು. ನನಗೆ ಪೂರ್ತಿ ನಂಬಿಕೆಯಿಲ್ಲ. ಗೌರಿ ಅಂತ ಬೋರ್ಡು ಬರೆಸಿ ನೇತು ಹಾಕಿದರೆ ಹಾಲು ಬರೋಲ್ಲ. ಹೆಸರಿಟ್ಟವನು ದಿನಕ್ಕೆ ನಾಲ್ಕು ಸಲ ಅದರ ಮುಖ ನೋಡುತ್ತಾನೆ, ಅದು ನೀರು ಕುಡಿಯಲಿಲ್ಲ ಎಂದು ಮೊದಲು ಗೊತ್ತಾಗುವುದು ಅವನಿಗೇ. ಹಾಲು ಹೆಚ್ಚಿದ್ದು ಅದರಿಂದ ಇರಬೇಕು.

ಇನ್ನು ಪ್ರಾಣಿಗಳ ಆತ್ಮ, ಭಕ್ತಿ, ಪುಣ್ಯ ಇತ್ಯಾದಿ. ಹಲಸೂರು ಸೋಮೇಶ್ವರನ ಮುಂದೆ ಕಲ್ಲಿನ ಬಸವನಿದ್ದಾನೆ, ಕೈಮುಗಿಯುತ್ತೇವೆ. ಬದುಕಿರುವ ಬಸವ ಏನನ್ನು ಧ್ಯಾನಿಸುತ್ತಾನೋ ಹೇಳುವಷ್ಟು ನಾನು ತಿಳಿದವನಲ್ಲ, ಫೋಟೋ ನೋಡುವವರೂ ತಿಳಿದವರಲ್ಲ ಎಂದು ನನ್ನ ಅನಿಸಿಕೆ. ಆದರೆ ಪ್ರಾಣಿಯನ್ನು ದೈವವೆಂದು ನಂಬಿ, ಅದರ ಜೊತೆಗೇ ಬಾಳುವವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮ್ಯಾಸಬೇಡರ ‘ದೇವರ ಎತ್ತು’ಗಳಿವೆ. ಅವನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ, ಸತ್ತರೆ ಶಾಸ್ತ್ರೋಕ್ತ ಮಣ್ಣು ಮಾಡುತ್ತಾರೆ. ಕಾಯುವವರು ಕಿಲಾರಿಗಳು. ಹಿಂಡಿನ ಜೊತೆ ಅಡವಿಯಲ್ಲೇ ವಾಸ, ಒಂದೊಂದರ ಗುಣವೂ ಗೊತ್ತು, ಕೂಗಿದರೆ ಹಿಂಡು ತಿರುಗುತ್ತೆ. ಬರ ಬಂದಾಗ ಅವರ ಚಿಂತೆ ಎತ್ತಿನ ಹೋದ ಜನ್ಮದ್ದಲ್ಲ, ನಾಳೆಯ ಮೇವಿನದು. ನನಗೆ ಅಂಥ ಭಕ್ತಿಯ ಮೇಲೆ ಗೌರವ.

ನಮ್ಮ ಕಡೆ ಸಂಕ್ರಾಂತಿಗೆ ಕಿಚ್ಚು ಹಾಯಿಸುತ್ತೇವೆ. ನಾನೂ ಹಾಯಿಸುತ್ತೇನೆ, ಬಿಡುವುದಿಲ್ಲ. ಆದರೆ ಆ ಹೊತ್ತು ರಾಸಿನ ಕಣ್ಣು ನೋಡಿ. ಬಿಳಿಗುಡ್ಡೆ ಎಷ್ಟು ಹೆಚ್ಚು ಕಾಣುತ್ತದೋ ಅಷ್ಟು ತಳಮಳ ಎಂದು ನಾರ್ವೆಯವರು 2002ರಲ್ಲೇ ಅಳೆದು ತೋರಿಸಿದ್ದಾರೆ. ಬೆಂಕಿ ಸಣ್ಣದು ಮಾಡಿ, ಪಟಾಕಿ ಬೇಡ, ಪರಿಚಿತ ಕೈ ಹಗ್ಗ ಹಿಡಿಯಲಿ. ಹಬ್ಬಕ್ಕೇನೂ ಕಡಿಮೆಯಾಗದು.

ಇನ್ನೊಂದು ಮಾತು ಖಾರವಾಗಿ ಕೇಳಬಹುದು. ಆ ಹಸುವಿನ ಗಂಡುಕರು ಎಲ್ಲಿಗೆ ಹೋಯಿತು? ಕೇಳಿದರೆ ಆ ಹೆಂಗಸು ಉತ್ತರ ಹೇಳಲಿಲ್ಲ. ನಮ್ಮ ಹಳ್ಳಿಗಳಲ್ಲೂ ಯಾರೂ ಹೇಳುವುದಿಲ್ಲ. ಎಚ್.ಎಫ್. ಗಂಡುಕರು ಉಳುಮೆಗೆ ಬಾರದು, ಕೊಳ್ಳುವವರಿಲ್ಲ. 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆ ಬಂದ ಮೇಲೆ ಮೊದಲಿನಂತೆ ಸಾಗಿಸಲೂ ಆಗದು. ಗಿಣ್ಣುಹಾಲನ್ನೂ ಸರಿಯಾಗಿ ಕುಡಿಸದೆ ಒಣಗಿಸುವವರು, ರಾತ್ರಿ ರಸ್ತೆಗೆ ಬಿಡುವವರು ನಮ್ಮೊಳಗೇ ಇದ್ದಾರೆ. ಬಡವನನ್ನು ಬೈದು ಪ್ರಯೋಜನವಿಲ್ಲ, ದಿನಕ್ಕೆ ಮೂರು ಲೀಟರ್ ಹಾಲು ಕುಡಿಸಿ ಏನೂ ಸಿಗದ ಕರು ಸಾಕಲು ಯಾರಿಗೆ ಶಕ್ತಿ? ಹೆಣ್ಣುಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯ ಈಗ ಸಿಗುತ್ತದೆ, ನೂರಕ್ಕೆ ತೊಂಬತ್ತರಷ್ಟು ಹೆಣ್ಣೇ ಹುಟ್ಟುತ್ತವೆ. ಬೆಲೆ ಹೆಚ್ಚು, ಎಲ್ಲಾ ಕಡೆ ಸುಲಭವಾಗಿ ದೊರೆಯದು. ಹಾಲಿನ ಸಂಘದ ಸಭೆಯಲ್ಲಿ ನಾವು ಗಲಾಟೆ ಮಾಡಬೇಕಾದದ್ದು ಇದಕ್ಕೆ. ಹಸುವಿನ ಹತ್ತಿರ ಕ್ಷಮೆ ಕೇಳುವುದಾದರೆ ಅದು ಇಲ್ಲಿಂದ ಶುರುವಾಗಲಿ.

ಕೈಯಿಂದ ದುಡ್ಡು ಖರ್ಚಿಲ್ಲದ ತರಗತಿ ಒಂದಿದೆ. ಬೆಳಿಗ್ಗೆ ಕೊಟ್ಟಿಗೆಗೆ ಹೋದವರು ಕೆಲಸಕ್ಕೆ ಕೈಹಾಕುವ ಮೊದಲು ಐದು ನಿಮಿಷ ಸುಮ್ಮನೆ ನಿಲ್ಲಿ. ಹಿಂದಿನಿಂದ ಹೋಗಬೇಡಿ, ಹಸು ಸುತ್ತಲೂ ನೋಡಬಲ್ಲದು, ನೇರ ಬೆನ್ನ ಹಿಂದೆ ಮಾತ್ರ ಕಾಣದು, ಬೆಚ್ಚುತ್ತೆ. ಆರೋಗ್ಯದ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತೆ, ಒಂದು ತುತ್ತನ್ನು ಐವತ್ತರಿಂದ ಎಪ್ಪತ್ತು ಸಲ ಅಗಿಯುತ್ತೆ. ಎಣಿಸಿ ನೋಡಿ. ಎಡಗುಂಡಿಗೆ ಮುಷ್ಟಿ ಒತ್ತಿದರೆ ಎರಡು ನಿಮಿಷದಲ್ಲಿ ಎರಡು ಮೂರು ಸಲ ಮುಷ್ಟಿಯನ್ನು ಎತ್ತಿ ಇಳಿಸಬೇಕು. ಇಳಿಜಾರಿನಲ್ಲಿ ಇಳಿಯಲು ಹಿಂದೇಟು ಹಾಕಿದರೆ, ಮೊಣಕೈ ಹೊರಗೆ ಚಾಚಿ ನಿಂತರೆ, ಮೊಳೆಯೋ ತಂತಿಯೋ ನುಂಗಿರುವ ಸಂದೇಹ ಇರಲಿ. ಕರು ಹಾಕಿದ ಒಂದೆರಡು ದಿನದಲ್ಲಿ ಕಿವಿ ತಣ್ಣಗಾಗಿ, ಕತ್ತು ಪಕ್ಕೆಗೆ ತಿರುಗಿಸಿ ಮಲಗಿದರೆ ಅದು ಧ್ಯಾನವಲ್ಲ, ಹಾಲುಜ್ವರ. ಮೈಯಲ್ಲಿ ಸುಣ್ಣದಂಶ ಇಳಿದಿರುತ್ತೆ, ತಡ ಮಾಡಿದರೆ ಗಂಟೆಗಳ ಲೆಕ್ಕದಲ್ಲಿ ಸಾಯುತ್ತೆ. ಕೂಡಲೇ ಡಾಕ್ಟರನ್ನು ಕರೆಸಿ. ಇದ್ಯಾವುದೂ ಇಲ್ಲದೆ ಬರೀ ಕೂಗುತ್ತಿದ್ದರೆ, ಆಗ ಬೆದೆಯೋ ಕರುವಿನ ನೆನಪೋ ಇರಬಹುದು.

ನನಗೆ ಗೊತ್ತಿರುವುದು ಇಷ್ಟು. ಎಮ್ಮೆಯ ಭಾಷೆ ಬೇರೆ, ಕುರಿಯದು ಇನ್ನೂ ಬೇರೆ. ಕುರಿಗೆ ಹುಷಾರಿಲ್ಲದಿದ್ದರೂ ಹಿಂಡಿನಲ್ಲಿ ತೋರಿಸಿಕೊಳ್ಳದೆ ನಡೆಯುತ್ತೆ ಅಂತ ಕುರುಬರು ಹೇಳುತ್ತಾರೆ. ಅದನ್ನು ಮೊದಲೇ ಪತ್ತೆ ಹಚ್ಚುವ ಗುರುತುಗಳು ಅವರಲ್ಲಿರಬೇಕು. ನಿಮ್ಮ ಮನೆಯ ಹಿರಿಯರನ್ನು ಕೇಳಿ ಅಂಥವನ್ನು ಬರೆದು ಕಳಿಸಿ. ಯಾವ ಊರು, ಯಾವ ತಳಿ, ಗುರುತು ಕಂಡ ಎಷ್ಟು ಹೊತ್ತಿಗೆ ಕಾಯಿಲೆ ಬಯಲಾಯಿತು ಎನ್ನುವುದೂ ಇರಲಿ. ಮರ್ಫಿ ಟೌನಿನ ಆ ಹೆಂಗಸಿಗೆ ಓದಿ ಹೇಳಲು ಅಕ್ಕನಿದ್ದಾಳೆ.