ಕೆಸರಲ್ಲಿ ನೆಟ್ಟಗೆ ನಿಲ್ಲುವ ದೋಣಿ

ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಬ್ಲ್ಯಾಕ್‌ವಾಟರ್ ಅನ್ನೋ ಅಳಿವೆ ಇದೆ. ಸಮುದ್ರ ಇಳಿದ ಹೊತ್ತಲ್ಲಿ ಅದರ ದಡದಲ್ಲಿ ನಿಂತು ನೋಡಿದರೆ ಬರೀ ಕೆಸರು. ಕೆಲವು ಹಾಯಿದೋಣಿಗಳು ಮಗ್ಗುಲಾಗಿ ಬಿದ್ದಿರುತ್ತವೆ, ಕೆಲವು ಎರಡು ಕಾಲೂರಿಕೊಂಡು ನೆಟ್ಟಗೆ ನಿಂತಿರುತ್ತವೆ. ಇವತ್ತು ನಮ್ಮ ವಕಾಲತ್ತು ಆ ಎರಡು ಕಾಲಿನ ದೋಣಿಯ ಪರ.

ಮಲ್ಪೆ, ಗಂಗೊಳ್ಳಿ ಕಡೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಅಂತರ ಸಾಮಾನ್ಯವಾಗಿ ಎರಡು ಮೀಟರ್ ಒಳಗೇ. ಬ್ಲ್ಯಾಕ್‌ವಾಟರ್‌ನಲ್ಲಿ ಹುಣ್ಣಿಮೆ-ಅಮಾವಾಸ್ಯೆ ಆಸುಪಾಸಿನಲ್ಲಿ ಅದು ನಾಲ್ಕು ಮೀಟರ್ ದಾಟುತ್ತೆ.

ಹಾಯಿದೋಣಿಯ ತಳದಲ್ಲಿ ಕೀಲ್ ಅಂತ ಒಂದು ಭಾರವಾದ ರೆಕ್ಕೆ ಇರುತ್ತೆ. ಅದಕ್ಕೆ ಎರಡು ಕೆಲಸ: ಗಾಳಿಗೆ ವಾಲಿದ ದೋಣಿಯನ್ನು ಮತ್ತೆ ಎತ್ತಿ ನಿಲ್ಲಿಸೋದು, ಅಡ್ಡಕ್ಕೆ ಸರಿಯದಂತೆ ತಡೆಯೋದು. ಎರಡನೇ ಕೆಲಸಕ್ಕೆ ಆಳವಾದ, ಕಿರಿದಾದ ಒಂದೇ ರೆಕ್ಕೆ ಒಳ್ಳೆಯದು. ವಿಮಾನದ ರೆಕ್ಕೆ ಉದ್ದವಾಗಿರೋದೂ ಇದೇ ಕಾರಣಕ್ಕೆ. ಅದರ ಬದಲು ಎರಡು ಗಿಡ್ಡ ಕೀಲ್ ಹಾಕಿದರೆ ನೀರಿನ ಉಜ್ಜಾಟ ಹೆಚ್ಚುತ್ತೆ, ರೆಕ್ಕೆಯ ತುದಿಯಲ್ಲಿ ಶಕ್ತಿ ಸೋರುತ್ತೆ. ದೋಣಿ ವಾಲಿದಾಗ ಕೆಳಗಿನ ಬದಿಯ ಕೀಲ್ ನೆಟ್ಟಗಾಗಿ ಚೆನ್ನಾಗಿ ಕೆಲಸ ಮಾಡುತ್ತೆ ಅನ್ನೋದು ನಿಜ, ಆದರೆ ನಷ್ಟವೆಲ್ಲಾ ಅದರಿಂದ ತುಂಬೋದಿಲ್ಲ. ಹಾಗಾಗಿ ಎರಡು ಕೀಲ್ ದೋಣಿ ಅಂದರೆ ರೇಸ್ ಮಾಡುವವರು ಮುಗುಳ್ನಗುತ್ತಾರೆ.

ನಗಲಿ. ಲೆಕ್ಕ ಹಾಕೋಣ. ಒಂದು ದೋಣಿ ಗಾಳಿಗೆ 45 ಡಿಗ್ರಿ ಕೋನದಲ್ಲಿ, ಇನ್ನೊಂದು 50 ಡಿಗ್ರಿಯಲ್ಲಿ ಹೋಗುತ್ತೆ, ವೇಗ ಎರಡಕ್ಕೂ 5 ನಾಟ್ ಅಂದುಕೊಳ್ಳಿ. ಗಾಳಿಗೆದುರಾಗಿ 10 ನಾಟಿಕಲ್ ಮೈಲಿ ಅಂಕುಡೊಂಕಾಗಿ ಹೋಗೋಕೆ ಮೊದಲನೆಯದಕ್ಕೆ 2 ಗಂಟೆ 50 ನಿಮಿಷ, ಎರಡನೆಯದಕ್ಕೆ 3 ಗಂಟೆ 7 ನಿಮಿಷ. ಅಡ್ಡಕ್ಕೆ ಸರಿಯೋದು, ಉಜ್ಜಾಟ ಎಲ್ಲಾ ಸೇರಿಸಿ ಅರ್ಧ ಗಂಟೆ ಅನ್ನಿ. ಒಂದು ಫ್ಲಾಸ್ಕ್ ಕಾಫಿ ಮುಗಿಯುವಷ್ಟು ಹೊತ್ತು!

ಈಗ ವೆಸ್ಟರ್ಲಿ ಸೆಂಟಾರ್ ನೋಡಿ. ಲಾರೆಂಟ್ ಜೈಲ್ಸ್ ಸಂಸ್ಥೆಯ ವಿನ್ಯಾಸ, 26 ಅಡಿ ಉದ್ದ, 1969ರಿಂದ 1980ರವರೆಗೆ ಎರಡು ಸಾವಿರಕ್ಕೂ ಹೆಚ್ಚು ಕಟ್ಟಿದರು. ಮೂರು ಟನ್ ತೂಕ. ಅದರಲ್ಲಿ ಹೆಚ್ಚುಕಮ್ಮಿ ಐದರಲ್ಲಿ ಎರಡು ಪಾಲು ಬಲಾಸ್ಟ್. ನೀರಿನ ಮಟ್ಟದಲ್ಲಿ ಉದ್ದ 21 ಅಡಿ ಚಿಲ್ಲರೆ. ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ವೇಗದ ಮೇಲ್ಮಿತಿ ಸುಮಾರು 6.2 ನಾಟ್. ಕೀಲ್ ಒಂದಿರಲಿ ಎರಡಿರಲಿ, ಅಷ್ಟೇ ಉದ್ದದ ದೋಣಿಗೆ ಆ ಮಿತಿ ತಪ್ಪಿದ್ದಲ್ಲ. ಆದರೆ ಸೆಂಟಾರ್‌ಗೆ ಮೂರಡಿ ನೀರು ಸಾಕು.

ಆ ಮೂರಡಿಯಿಂದ ಸಿಗೋದೇನು? ಆಳ ನೀರಿನ ಮರೀನಾದಲ್ಲಿ ಜಾಗ ಬಾಡಿಗೆಗೆ ಹಿಡಿಯೋದು ದುಬಾರಿ. ನೀರು ಬತ್ತುವ ಕೆಸರಿನ ಜಾಗ ಅದಕ್ಕಿಂತ ಎಷ್ಟೋ ಅಗ್ಗ. ಹಳೇ ದೋಣಿ ಕೊಳ್ಳೋದು ಸುಲಭ, ಇಟ್ಟುಕೊಳ್ಳೋದೇ ಕಷ್ಟ ಅಂತ ಇಲ್ಲಿ ದೋಣಿ ಸಾಕಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಸಂಬಳದ ಮೇಲೆ ಬದುಕುವವರು ಸಮುದ್ರಕ್ಕೆ ಇಳಿಯಬೇಕಾದರೆ ದೋಣಿಗೆ ಕೆಸರಲ್ಲಿ ನಿಲ್ಲೋಕೆ ಬರಬೇಕು. ತಳದ ಪಾಚಿ ಕೆರೆಯೋಕೂ ಕ್ರೇನ್ ಬೇಡ. ಗಟ್ಟಿ ಮರಳಿನ ಮೇಲೆ ನಿಲ್ಲಿಸಿ, ಇಳಿತದಲ್ಲಿ ಬೂಟು ಹಾಕಿಕೊಂಡು ಇಳಿದರಾಯಿತು. ಮಕ್ಕಳು ಒಳಗೆ ಸಮತಟ್ಟಾದ ಹಾಸಿಗೆಯಲ್ಲಿ ಮಲಗಿರುತ್ತಾರೆ.

ದೋಷ ಮುಚ್ಚಿಡೋದಿಲ್ಲ. ಕಡಿದಾದ ಅಲೆಗಳಿಗೆ ಎದುರಾಗಿ ಇಂಥ ದೋಣಿ ಏದುಸಿರು ಬಿಡುತ್ತೆ. ಹಳೇ ಸೆಂಟಾರ್ ಕೊಳ್ಳುವವರು ಕೀಲ್ ಮೈಗೆ ಸೇರುವ ಜಾಗವನ್ನು ಸರ್ವೇಯರ್ ಕೈಲಿ ನೋಡಿಸಲೇಬೇಕು. ವರ್ಷಗಟ್ಟಲೆ ನೆಲಕ್ಕೆ ತಾಗಿ ತಾಗಿ ಅಲ್ಲಿ ಫೈಬರ್‌ಗ್ಲಾಸ್ ಸೋತಿರುತ್ತೆ. ಇಳಿತದಲ್ಲಿ ಸಿಕ್ಕಿಕೊಂಡರೆ ಒಂಟಿ ಕೀಲ್‌ನವರ ಹಾಗೇ ನೀವೂ ನೀರು ಬರೋವರೆಗೆ ಕಾಯಬೇಕು. ಅವರು ಗೋಡೆಯ ಮೇಲೆ ಒರಗಿ ಕಾಯುತ್ತಾರೆ, ನೀವು ಟೇಬಲ್ ಹಾಕಿ ಊಟ ಮಾಡುತ್ತೀರಿ.